ಎರಡನೇ ಸುರುಳಿ

ಮೂರು ಡಬ್ಬಿ ಹೊರಟಿದ್ದವಂತೆ ಪುಣೆಯಿಂದ.
ದೇವಿಮನೆ ಘಟ್ಟ ಇಳಿದು ಕುಮಟೆ ಸ್ಟ್ಯಾಂಡು ಮುಟ್ಟಿದ್ದು ಎರಡು.
ನಡುವಿನದು ಶಿರಸಿ ಡಿಪೋದಲ್ಲಿ
ಯಾರದೋ ಜೋನಿಬೆಲ್ಲದ ಡಬ್ಬಿಗಳ ಜೊತೆ ಮಲಗಿಬಿಟ್ಟಿತ್ತು.

ಹೆಡ್‌ಬಂದರದ ಬರ್ಫ ಕಾರ್ಖಾನೆ, ಹಿಂದಿನ ಗೋದಾಮು.
ಎರಡು ಪಂಚೆ ಜೋಡಿಸಿ ಹೊಲಿದ ಪರದೆ;
ಜಪಾನಿನ ಗುಡ್ಡಗಳೆಲ್ಲ ಹೊಲಿಗೆಯ ಹತ್ತಿರ ಒಂದು ನೂಲು ಪಲ್ಲಟ.
ಇನಾಸ ಎದೆಯ ಮೇಲೆ ಶಿಲುಬೆ ಬರೆದುಕೊಂಡು ಪ್ರೊಜೆಕ್ಟರಿನ ಗುಂಡಿ ಒತ್ತಿದ.
ನಾನು ಬದಿಗೆ ನಿಂತು, ಅಡಿಯಲ್ಲಿ ಓಡುವ ಇಂಗ್ಲಿಷನ್ನು
ಹಿಡಿಹಿಡಿದು ಕನ್ನಡದಲ್ಲಿ ಕೂಗುವವನು.
ಹೈಸ್ಕೂಲು ಮಾಸ್ತರ; ಗಂಟಲು ಸರ್ಕಾರದ್ದು.

'ರೋನಿನ್' ಎಂಬಲ್ಲಿ ಎಡವಿದೆ.
ಅಲೆಯ ಮನುಷ್ಯ, ಎಂದೆ. ಒಡೆಯನಿಲ್ಲದ ಕತ್ತಿಯವ, ಎಂದೆ.
ಮೀನುಬುಟ್ಟಿ ಬೋರಲು ಹಾಕಿ ಕೂತಿದ್ದ ಮಂಕಾಳಿ
ಅಲ್ಲಿಂದಲೇ ತಿದ್ದಿದಳು:
"ಅಲೆಯಂವ ಅಂದ್ರೆ ನಮ್ಮನೆಯಂವ್ನೇ ಅಲ್ದ?
ಒಡೆಯ ಇಲ್ಲ ಅಂಬುದು ಸುಳ್ಳು. ಬೋಟಿಗೊಬ್ಬ ಇರ್ತ."

ಪರದೆಯಲ್ಲಿ ಮಳೆ. ಕಾಣಲೆಂದು ಅವರು
ನೀರಿಗೆ ಮಸಿ ಬೆರೆಸುತ್ತಿದ್ದರಂತೆ, ಎಲ್ಲೋ ಓದಿದ್ದು.
ನಮ್ಮ ಮಳೆಗೆ ಮಸಿ ಬೇಡ,
ತಾನೇ ಬಂದು ಗೋಡೆಯ ಮೇಲೆ ಬರೆದು ಹೋಗುತ್ತದೆ.

ಮೊದಲ ಸುರುಳಿಯ ತುದಿಗೆ ಆ ದೊಡ್ಡ ಯುದ್ಧ.
ಬೆಳಿಗ್ಗೆ ಮಂಜು, ಮಧ್ಯಾಹ್ನಕ್ಕೆ ತೀರ್ಮಾನ.
ಸಂಜೆಗೆ ಸಾವಿರಾರು ಕತ್ತಿಗಳು
ಯಾರಿಗೆ ಬಗ್ಗಬೇಕೆಂದು ತಿಳಿಯದೆ ರಸ್ತೆಗೆ ಬಂದವು.

ಇನಾಸ ದೀಪ ಹಾಕಿದ, ಆರಿಸಿದ, ಮೂರನೆಯದನ್ನೇ ಏರಿಸಿದ.
ಅಲ್ಲಿ ಆಗಲೇ ಟೋಪಿಯ ಪೋಲೀಸರು, ಹೊಸ ಕಾಯಿದೆ:
ಸೊಂಟದಲ್ಲಿ ಕತ್ತಿ ಕಂಡರೆ ಜಪ್ತಿ.
ಅದೇ ನಟ, ಮರಿಮೊಮ್ಮಗನ ಪಾತ್ರದಲ್ಲಿ,
ಸೇತುವೆಯ ಮೇಲೆ ಒಬ್ಬನೇ ನಿಂತ. ಸಿಳ್ಳೆ ಬಿತ್ತು.
(ಈ ನೆರಳಿನ ಕತ್ತಿಗಳನ್ನೂ ಒಮ್ಮೆ ತಡೆದಿದ್ದರು,
ಮಹಾಯುದ್ಧ ಮುಗಿದಮೇಲೆ, ಗೆದ್ದು ಬಂದವರು.
ಅದನ್ನು ಕೂಗಲಿಲ್ಲ ನಾನು. ಅಡಿಯಲ್ಲಿ ಬರೆದಿರಲಿಲ್ಲ.)

ನಡುವೆ ಬಿದ್ದುಹೋದ ಇನ್ನೂರೆಪ್ಪತ್ತು ವರ್ಷ
ಯಾರಿಗೂ ಬೇಕಾಗಲಿಲ್ಲ.
ಎದ್ದು ಹೋಗದೆ ಕೂತದ್ದು ಜಟ್ಟಿ ನಾಯ್ಕ.
ಅಬಕಾರಿಯವರು ಮಡಕೆ ಒಡೆದು ಹೋಗಿ ಎರಡು ವರ್ಷ,
ಸೊಂಟದ ಕೊಕ್ಕೆಯಲ್ಲಿ ಕತ್ತಿ ಮಾತ್ರ ಹಾಗೇ.
"ಅಂವ ಹಿಡಿದದ್ದು ಸಮಾ ಇಲ್ಲ, ಮಾಸ್ತರ್ರೇ.
ಕುಣಿಯೂಕೆ ಹಿಡಿದಾಂಗೆ ಹಿಡೀತ.
ನಾವು ಹಳೇಪೈಕರು. ಪೈಕ ಅಂದ್ರೆ ದಂಡು.
ಮಿರ್ಜಾನ ಕೋಟೆಯಲ್ಲಿ ಕಾವಲಿದ್ದೆವು ಅಂತ ಅಜ್ಜ ಹೇಳ್ತಿದ್ದ.
ಕೋಟೆ ಹೋಯ್ತು, ಮರ ಹತ್ತಿದ್ರು. ಈಗ ಮರವೂ ಇಲ್ಲ.
ಜಗಳ ಗುತ್ತು ನಂಗೆ. ನಡುವೆ ಎಂತಾಯ್ತು, ಅದು ತೋರ್ಸಿ."

ಮರುದಿನ ಮಧ್ಯಾಹ್ನದ ಬಸ್ಸಿಗೆ ಬಂತು ಡಬ್ಬಿ,
ಮುಚ್ಚಳಕ್ಕೆಲ್ಲ ಬೆಲ್ಲ, ಬೆಲ್ಲದ ಹಿಂದೆ ಇರುವೆ.
ಕಿಟಕಿಗೆ ಗೋಣಿ ಕಟ್ಟಿ ಮೂವರೇ ಕೂತೆವು.

ಏನೂ ಇರಲಿಲ್ಲ ಅದರಲ್ಲಿ.
ಓಣಿಯ ಕೊನೆಯ ಕೋಣೆ. ಒಬ್ಬ ಗಂಡಸು
ಕೊಡೆಗಳಿಗೆ ಕಾಗದ ಅಂಟಿಸುತ್ತಾನೆ. ಒಣಗಲು ಇಡುತ್ತಾನೆ.
ತಿಂಗಳಿಗೊಮ್ಮೆ ಖಡ್ಗ ತೆಗೆದು, ಎಣ್ಣೆ ಸವರಿ,
ಒಳಗೆ ಇಡುತ್ತಾನೆ. ಹಿಮ ಬೀಳುತ್ತದೆ.
ಮಗು ಕೇಳುತ್ತದೆ, ಅದು ಎಂತಕ್ಕೆ.
ಅಪ್ಪ ಅಂಟಿನ ಬಟ್ಟಲು ಆಚೆ ಸರಿಸುತ್ತಾನೆ.
ನನಗೆ ಕೂಗಲು ಸಿಕ್ಕಿದ್ದು ಇಷ್ಟು:
ಅಕ್ಕಿ.
ನಾಳೆ.
ಚಳಿಗೆ ಬಾಗಿಲು ಹಾಕು.

ಇನಾಸ ಗೊರಕೆ ಹೊಡೆಯುತ್ತಿದ್ದ.
ಪರದೆಯಲ್ಲಿ ಆ ಮನುಷ್ಯ ಕುಕ್ಕರುಗಾಲಲ್ಲಿ ಕೂತು
ಕೊಡೆಯ ಕಡ್ಡಿಗೆಂದು ಬಿದಿರು ಸೀಳತೊಡಗಿದ,
ಗೇಣುದ್ದದ ಚಾಕು, ಹೆಬ್ಬೆರಳು ಬೆನ್ನಿಗೆ ಒತ್ತಿ, ಬಿದಿರಿನ ಗಂಟು ಕಂಡಲ್ಲಿ ನಿಧಾನ.
ಜಟ್ಟಿ ನಾಯ್ಕ ಮುಂದಕ್ಕೆ ಬಾಗಿದ. ತನ್ನ ಕೈ ನೋಡಿಕೊಂಡ.
"ಹಾಂ," ಎಂದ. "ಈಗ ಹಿಡಿದ ನೋಡಿ."

ಡಬ್ಬಿ ವಾಪಸು ಕಟ್ಟುವಾಗ ಚೀಟಿ ಬರೆದೆ:
ಸುರುಳಿ ಎರಡು. ಜಗಳ ಇಲ್ಲ. ಇರುವೆ ಇದೆ.